ಹೆಣ್ಣಿನಿಂದ ಬಂದು ಹೆಣ್ಣಿನಿಂದಲೇ ಉಳಿದ ಅಡ್ಡಹೆಸರು ‘ಅಲಿಗಿಯೇರಿ’

ಇಟಲಿಯ ಬಹುತೇಕ ಊರುಗಳಲ್ಲಿ ಒಂದು ಬೀದಿಗೋ, ಚೌಕಕ್ಕೋ, ಶಾಲೆಗೋ ಕವಿ ಡಾಂಟೆ ಅಲಿಗಿಯೇರಿಯ ಹೆಸರಿದೆ. ಆ ದೇಶ ಹೊರಡಿಸುವ ಎರಡು ಯೂರೊ ನಾಣ್ಯದ ಮೇಲಿರುವುದು ಆತನದೇ ಮುಖ. ಇಟಾಲಿಯನ್ ಭಾಷೆ ಮತ್ತು ಸಂಸ್ಕೃತಿಯನ್ನು ಹೊರನಾಡುಗಳಲ್ಲಿ ಹರಡಲೆಂದು 1889ರಲ್ಲಿ ಸ್ಥಾಪನೆಯಾದ ಸಂಸ್ಥೆಯೂ ಅದೇ ಹೆಸರನ್ನು ಹೊತ್ತಿದೆ. ಫಲಕಗಳ ಮೇಲೆ ಇಷ್ಟು ಧಾರಾಳವಾಗಿ ಕಾಣುವ ಈ ಹೆಸರನ್ನು ಅಡ್ಡಹೆಸರಾಗಿ ಹೊತ್ತ ಮನುಷ್ಯರನ್ನು ಹುಡುಕಹೊರಟರೆ ಮಾತ್ರ ಸಿಗುವವರು ಬೆರಳೆಣಿಕೆಯ ಮಂದಿ.

ಅಲಿಗಿಯೇರಿ ಇಂದು ಇಟಲಿಯ ವಿರಳ ಅಡ್ಡಹೆಸರುಗಳಲ್ಲೊಂದು. ಕವಿಯ ವಂಶದವರೆಂದು ದಾಖಲೆಗಳ ಬಲದಿಂದ ಹೇಳಿಕೊಳ್ಳಬಲ್ಲ ಕುಟುಂಬ ಕೂಡ ಅದನ್ನು ಒಂಟಿಯಾಗಿ ಬಳಸುವುದಿಲ್ಲ. ‘ಸೆರೆಗೊ ಅಲಿಗಿಯೇರಿ’ ಎಂದು ಮತ್ತೊಂದು ಮನೆತನದ ಹೆಸರಿನ ಬಾಲದಲ್ಲಿ ಅದು ಉಳಿದುಕೊಂಡಿದೆ. ಹೀಗೇಕಾಯಿತು ಎಂಬುದನ್ನು ಕೆದಕುತ್ತ ಹೋದರೆ ಒಂದು ವಿಚಿತ್ರ ಎದುರಾಗುತ್ತದೆ. ತಂದೆಯಿಂದ ಮಗನಿಗೆ ಇಳಿಯುವುದೇ ಅಡ್ಡಹೆಸರಿನ ಧರ್ಮವೆಂದು ನಂಬಿದ ದೇಶದಲ್ಲಿ, ಆ ದೇಶದ ಅತ್ಯಂತ ಪ್ರಸಿದ್ಧ ಅಡ್ಡಹೆಸರು ಕುಟುಂಬದೊಳಗೆ ಬಂದದ್ದು ಒಬ್ಬ ಹೆಂಗಸಿನಿಂದ. ನಾಲ್ಕು ಶತಮಾನಗಳ ಬಳಿಕ ಅಳಿಯದೆ ಉಳಿದದ್ದೂ ಇನ್ನೊಬ್ಬ ಹೆಂಗಸಿನಿಂದ.

ಕನ್ನಡದ ಓದುಗರಿಗೆ ಡಾಂಟೆ ಹೊಸಬನಲ್ಲ. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ನ ಆರಂಭದಲ್ಲಿ ನಮಿಸುವ ಜಗತ್ತಿನ ಮಹಾಕವಿಗಳ ಸಾಲಿನಲ್ಲಿ ಆತನೂ ಇದ್ದಾನೆ. ಅಲ್ಲಿಯೂ ಆತ ಬರಿಯ ಡಾಂಟೆ, ಅಲಿಗಿಯೇರಿ ಅಲ್ಲ. ಜಗತ್ತು ಈ ಕವಿಯನ್ನು ಕರೆಯುವುದೇ ಹಾಗೆ. ಸ್ವತಃ ಕವಿ ಬಯಸಿದ್ದೂ ಬಹುಶಃ ಅದನ್ನೇ. ನೂರು ಸರ್ಗಗಳ ‘ಡಿವೈನ್ ಕಾಮೆಡಿ’ಯಲ್ಲಿ ಆತನ ಸ್ವಂತ ಹೆಸರು ಬರುವುದು ಒಂದೇ ಒಂದು ಸಲ, ಎರಡನೆಯ ಭಾಗವಾದ ‘ಪರ್ಗಟೋರಿಯೊ’ದ ಮೂವತ್ತನೆಯ ಸರ್ಗದಲ್ಲಿ, ಬಿಯಾಟ್ರಿಸಳ ಬಾಯಿಂದ. ಅಡ್ಡಹೆಸರಂತೂ ಇಡೀ ಕಾವ್ಯದಲ್ಲಿ ಎಲ್ಲಿಯೂ ಇಲ್ಲ.

ತಂದೆಯ ಹೆಸರು, ಕಸುಬಿನ ಹೆಸರು, ಅನಾಥನ ಹೆಸರು

ಇಟಲಿಯಲ್ಲಿ ಬಳಕೆಯಲ್ಲಿರುವ ಅಡ್ಡಹೆಸರುಗಳ ಸಂಖ್ಯೆ ಮೂರು ಲಕ್ಷವನ್ನು ಮೀರುತ್ತದೆ. ಇದು ದೊಡ್ಡ ಸಂಖ್ಯೆ. ಶತಮಾನಗಳ ಕಾಲ ಹತ್ತಾರು ರಾಜ್ಯಗಳಾಗಿ, ನಗರ ಗಣರಾಜ್ಯಗಳಾಗಿ ಹಂಚಿಹೋಗಿದ್ದ ನಾಡು ಅದು. ಒಂದೊಂದು ಕಣಿವೆಗೆ ಒಂದೊಂದು ಉಚ್ಚಾರಣೆ. ಒಂದೇ ಹೆಸರು ಹತ್ತು ಊರುಗಳಲ್ಲಿ ಹತ್ತು ರೂಪ ತಾಳಿ, ಹತ್ತು ಬೇರೆ ಅಡ್ಡಹೆಸರುಗಳಾಗಿ ಗಟ್ಟಿಯಾಯಿತು.

ಪ್ರಾಚೀನ ರೋಮನ್ನರ ಕಾಲದ ಮೂರು ಭಾಗಗಳ ಹೆಸರಿನ ಪದ್ಧತಿ ಸಾಮ್ರಾಜ್ಯದೊಡನೆ ಕುಸಿದುಬಿದ್ದ ಮೇಲೆ ಹಲವು ನೂರು ವರ್ಷ ಅಲ್ಲಿನ ಜನರಿಗಿದ್ದದ್ದು ಒಂದೇ ಹೆಸರು. ಪಟ್ಟಣಗಳು ಬೆಳೆದು ವ್ಯಾಪಾರ, ಸಾಲ, ಆಸ್ತಿಯ ಕರಾರುಗಳು ಹೆಚ್ಚಿದಾಗ ಒಂದೇ ಹೆಸರಿನ ಹತ್ತು ಮಂದಿಯನ್ನು ಬೇರ್ಪಡಿಸುವುದು ಅನಿವಾರ್ಯವಾಯಿತು. ಮೊದಲು ಬಂದ ಉಪಾಯ ತಂದೆಯ ಹೆಸರನ್ನು ಸೇರಿಸುವುದು. ಕುಪ್ಪಳಿ ವೆಂಕಟಪ್ಪನವರ ಮಗ ಪುಟ್ಟಪ್ಪ ಎಂದು ಕುವೆಂಪು ಹೆಸರನ್ನು ಬಿಡಿಸಿ ಹೇಳಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನು ಕೆಲವರಿಗೆ ಹುಟ್ಟಿದ ಊರು ಅಂಟಿಕೊಂಡಿತು. ವಿಂಚಿ ಎಂಬ ಹಳ್ಳಿಯ ಲಿಯೊನಾರ್ಡೊನನ್ನು ಜಗತ್ತು ಇಂದಿಗೂ ‘ಡಾ ವಿಂಚಿ’ ಎನ್ನುತ್ತದೆ. ಅದು ಅಡ್ಡಹೆಸರೇ ಅಲ್ಲ, ಊರಿನ ಗುರುತು. ಕಸುಬಿನಿಂದ ಬಂದದ್ದು ಫೆರಾರಿ, ಅಂದರೆ ಕಮ್ಮಾರ. ಕೂದಲಿನ ಅಥವಾ ಮೈಯ ಬಣ್ಣದಿಂದ ಬಂದವು ಕೆಂಪನ್ನು ಸೂಚಿಸುವ ರೊಸ್ಸಿ, ಬಿಳುಪನ್ನು ಸೂಚಿಸುವ ಬಿಯಾಂಕಿ. ರೊಸ್ಸಿ ಆ ದೇಶದಲ್ಲೇ ಅತಿ ಸಾಮಾನ್ಯವಾದ ಅಡ್ಡಹೆಸರು.

ತಂದೆಯೇ ಗೊತ್ತಿಲ್ಲದವರಿಗೂ ಹೆಸರು ಬೇಕಾಗಿತ್ತು. ನೇಪಲ್ಸ್‌ನಲ್ಲಿ ತೊರೆದುಹೋದ ಶಿಶುಗಳು ‘ಎಸ್ಪೊಸಿಟೊ’ಗಳಾದರು; ಹೊರಗೆ ಇಟ್ಟುಹೋದದ್ದು ಎಂಬುದು ಅದರ ಅರ್ಥ. ಫ್ಲಾರೆನ್ಸ್‌ನಲ್ಲಿ 1445ರಲ್ಲಿ ಮೊದಲ ಕೂಸನ್ನು ಒಳಗೆ ತೆಗೆದುಕೊಂಡ ಅನಾಥಾಲಯದ ಹೆಸರಿನಿಂದ ‘ಇನ್ನೊಚೆಂತಿ’ಗಳು, ಅಂದರೆ ನಿಷ್ಪಾಪಿಗಳು, ಹುಟ್ಟಿಕೊಂಡರು. ಈ ಹೆಸರುಗಳು ಸಾವಿರ ಬೇರುಗಳಿಂದ ಒಮ್ಮೆಗೇ ಚಿಗುರಿದವು. ಆದ್ದರಿಂದಲೇ ಅವಕ್ಕೆ ಅಳಿವಿನ ಭಯವಿಲ್ಲ. ಒಬ್ಬ ರೊಸ್ಸಿಗೂ ಇನ್ನೊಬ್ಬ ರೊಸ್ಸಿಗೂ ಯಾವ ಸಂಬಂಧವೂ ಇರಬೇಕಾಗಿಲ್ಲ.

ಒಂದೇ ಬೇರಿನಿಂದ ಬಂದ ಹೆಸರುಗಳ ಪಾಡು ಬೇರೆ. ವಿಜ್ಞಾನಿ ಗೆಲಿಲಿಯೊನ ಮನೆತನಕ್ಕೆ ಮೊದಲಿದ್ದ ಹೆಸರು ಬೊನಾಯುತಿ. ಹದಿನೈದನೆಯ ಶತಮಾನದಲ್ಲಿ ಫ್ಲಾರೆನ್ಸ್‌ನಲ್ಲಿ ಹೆಸರಾಂತ ವೈದ್ಯನಾಗಿದ್ದ ಗೆಲಿಲಿಯೊ ಬೊನಾಯುತಿ ಎಂಬ ಪೂರ್ವಜನ ಗೌರವಾರ್ಥ ಆ ಮನೆಯವರು ಗೆಲಿಲಿ ಎಂದು ಕರೆದುಕೊಂಡರು. ಅಲಿಗಿಯೇರಿಯೂ ಇದೇ ಜಾತಿಯದು: ಒಬ್ಬ ವ್ಯಕ್ತಿ, ಒಂದು ಮನೆ, ಒಂದು ಹೆಸರು.

ಪೊ ಕಣಿವೆಯಿಂದ ಬಂದ ಸೊಸೆ

ಆ ವ್ಯಕ್ತಿ ಯಾರೆಂಬುದನ್ನು ತಿಳಿಯಲು ಮೊದಲ ಆಧಾರ ಡಾಂಟೆಯ ಕಾವ್ಯವೇ. ಮೂರನೆಯ ಭಾಗವಾದ ‘ಪ್ಯಾರಡಿಸೊ’ದ ನಡುವಿನಲ್ಲಿ, ಹದಿನೈದನೆಯ ಸರ್ಗದಿಂದ ಮುಂದಕ್ಕೆ, ಕವಿಗೆ ಸ್ವರ್ಗದಲ್ಲಿ ತನ್ನ ಮುತ್ತಜ್ಜನ ತಂದೆ ಕಚ್ಚಾಗ್ವೀದಾ ಎದುರಾಗುತ್ತಾನೆ. ಚಕ್ರವರ್ತಿ ಕಾನ್ರಾಡನ ದಂಡಿನೊಡನೆ ಎರಡನೆಯ ಧರ್ಮಯುದ್ಧಕ್ಕೆ ಹೋಗಿ ಅಲ್ಲಿಯೇ ಮಡಿದವನು ಆತ. ತನಗೆ ಮೊರೊಂತೊ, ಎಲಿಸೆಯೊ ಎಂಬ ಸೋದರರಿದ್ದರೆಂದೂ, ಹೆಂಡತಿ ಪೊ ನದಿಯ ಕಣಿವೆಯಿಂದ ಬಂದವಳೆಂದೂ, ಕವಿಯ ಕುಲನಾಮ ಹುಟ್ಟಿದ್ದು ಆಕೆಯ ಕಡೆಯಿಂದಲೇ ಎಂದೂ ಆತ ತಿಳಿಸುತ್ತಾನೆ. ಆ ಕುಲನಾಮ ಯಾವುದೆಂಬುದನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಅಷ್ಟೇ ಅಲ್ಲ, ಕುಲಕ್ಕೆ ಹೆಸರು ಕೊಟ್ಟ ಆ ಹೆಣ್ಣುಮಗಳಿಗೇ ಕಾವ್ಯದಲ್ಲಿ ಹೆಸರಿಲ್ಲ. ಮೊರೊಂತೊ, ಎಲಿಸೆಯೊ ಇವರು ಏನು ಮಾಡಿದರೆಂಬುದು ಯಾರಿಗೂ ತಿಳಿಯದು. ಅವರ ಹೆಸರುಗಳು ಮಾತ್ರ ಏಳುನೂರು ವರ್ಷಗಳಿಂದ ಓದಿಸಿಕೊಳ್ಳುತ್ತಿವೆ.

ಉಳಿದದ್ದನ್ನು ಕೂಡಿಸಿ ಹೇಳಿದವನು ಬೊಕಾಚಿಯೊ. ಡಾಂಟೆಯ ಮೊದಲ ಜೀವನಚರಿತ್ರೆಕಾರನಾದ ಆತನ ಪ್ರಕಾರ ಆಕೆ ಫೆರಾರಾ ನಗರದ ಅಲ್ದಿಗಿಯೇರಿ ಮನೆತನದವಳು. ತವರಿನ ಮೇಲಿನ ಮಮತೆಯಿಂದ ತನ್ನ ಒಬ್ಬ ಮಗನಿಗೆ ಆ ಹೆಸರನ್ನಿಟ್ಟಳು. ಕಾಲಕ್ರಮದಲ್ಲಿ ನಡುವಿನ ‘ದ’ಕಾರ ಸವೆದು ಅಲಿಗಿಯೇರಿ ಆಯಿತು ಎಂಬುದು ಆತನ ವಿವರಣೆ. ಕವಿ ಹೇಳಿದ್ದು ಕಣಿವೆಯನ್ನಷ್ಟೇ, ನಗರವನ್ನಲ್ಲ. ಹೀಗಾಗಿ ಫೆರಾರಾದ ಬದಲು ಆ ಕಣಿವೆಯ ಬೇರೆ ಊರುಗಳನ್ನು ಮುಂದಿಟ್ಟವರೂ ಇದ್ದಾರೆ. ಆದರೆ ಹೆಸರು ತಾಯಿಯ ಕಡೆಯಿಂದ ಬಂತೆಂಬ ವಿಷಯದಲ್ಲಿ ಕವಿಗೂ ಆತನ ಜೀವನಚರಿತ್ರೆಕಾರನಿಗೂ ಭಿನ್ನಾಭಿಪ್ರಾಯವಿಲ್ಲ. ‘ದ’ಕಾರ ಸವೆಯದ ರೂಪ ಉತ್ತರ ಇಟಲಿಯಲ್ಲಿ ಪ್ರತ್ಯೇಕ ಅಡ್ಡಹೆಸರಾಗಿ ಉಳಿದೂ ಇದೆ. ವೆರೋನಾ ಬಳಿಯ ಗಾರ್ಡಾ ಸರೋವರದ ದಂಡೆಯಲ್ಲಿ ಹುಟ್ಟಿ, ಹತ್ತೊಂಬತ್ತನೆಯ ಶತಮಾನದ ಒಪೆರಾ ವೇದಿಕೆಗಳಲ್ಲಿ ಹಾಡಿದ ಗೊತಾರ್ದೊ ಅಲ್ದಿಗಿಯೇರಿ ಅದಕ್ಕೊಂದು ನಿದರ್ಶನ.

ಹೆಸರಿನ ಮೂಲ ಲ್ಯಾಟಿನ್ ಅಲ್ಲ, ಜರ್ಮಾನಿಕ್. ರೋಮ್ ಕುಸಿದ ಮೇಲೆ ಉತ್ತರದಿಂದ ನುಗ್ಗಿಬಂದು ಇಟಲಿಯಲ್ಲಿ ನೆಲೆಸಿದ ಜನ ತಮ್ಮ ಹೆಸರುಗಳನ್ನೂ ತಂದರು. ಹಿರಿತನವನ್ನು ಸೂಚಿಸುವ ‘ಅಲ್ದ್’ ಮತ್ತು ಈಟಿ ಎಂಬರ್ಥದ ‘ಗೇರ್’ ಕೂಡಿ ಆದ ಹೆಸರಿದು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ವ್ಯುತ್ಪತ್ತಿ. ತಾನು ರೋಮನ್ನರ ಪವಿತ್ರ ಬೀಜದಿಂದ ಬಂದವನೆಂದು ಭಾವಿಸಿದ್ದ ಕವಿಗೆ ಅಂಟಿದ್ದು ಹೊರಗಿನಿಂದ ಬಂದವರ ಹೆಸರು! ಮುಂದೆ ಪುನರುಜ್ಜೀವನ ಕಾಲದಲ್ಲಿ ಲ್ಯಾಟಿನ್ ವ್ಯಾಮೋಹ ಏರಿದಾಗ ಆತನ ವಂಶದವರು ಇದಕ್ಕೊಂದು ಪರಿಹಾರ ಕಂಡುಕೊಂಡರು. ಲ್ಯಾಟಿನ್‌ನಲ್ಲಿ ‘ಆಲಿಗೆರ್’ ಎಂದರೆ ರೆಕ್ಕೆ ಹೊತ್ತವನು. ತಮ್ಮ ಹೆಸರೂ ಅದೇ ಎಂದು ಬಗೆದು, ನೀಲಿ ಹಿನ್ನೆಲೆಯಲ್ಲಿ ಚಿನ್ನದ ರೆಕ್ಕೆಯನ್ನು ಲಾಂಛನವಾಗಿ ಮಾಡಿಕೊಂಡರು. ಈಟಿ ಹೋಗಿ ರೆಕ್ಕೆ ಬಂತು. ಭಾಷಾಶಾಸ್ತ್ರ ಇದನ್ನು ಒಪ್ಪದಿದ್ದರೂ ಕವಿಯ ಮನೆತನಕ್ಕೆ ಒಪ್ಪುವ ಕಲ್ಪನೆಯೆಂಬುದರಲ್ಲಿ ಸಂದೇಹವಿಲ್ಲ.

ಕಾವ್ಯವನ್ನು ಬದಿಗಿಟ್ಟು ಕಾಗದಪತ್ರಗಳನ್ನು ನೋಡಿದರೆ ಮನೆತನ ಮೊದಲು ಕಾಣಿಸಿಕೊಳ್ಳುವುದು ಮರವೊಂದರ ತಕರಾರಿನಲ್ಲಿ. 1189ರ ಡಿಸೆಂಬರಿನಲ್ಲಿ ಕಚ್ಚಾಗ್ವೀದಾನ ಮಕ್ಕಳಾದ ಪ್ರೇಯ್ತೆನಿತ್ತೊ ಮತ್ತು ಅಲಾಗಿಯೇರಿ ಎಂಬ ಅಣ್ಣತಮ್ಮಂದಿರು, ಫ್ಲಾರೆನ್ಸ್‌ನ ಸಾನ್ ಮಾರ್ತಿನೊ ಚರ್ಚಿನ ಗೋಡೆಯ ಬಳಿ ಬೆಳೆದಿದ್ದ ಅಂಜೂರದ ಮರವನ್ನು ಪಾದ್ರಿ ಕೇಳಿದಾಗ ಕಡಿದುಕೊಡುವುದಾಗಿ ಬರೆದುಕೊಟ್ಟಿದ್ದಾರೆ. ಈ ಅಲಾಗಿಯೇರಿಯೇ ಡಾಂಟೆಯ ಮುತ್ತಜ್ಜ. 1201ರ ಇನ್ನೊಂದು ದಾಖಲೆಯಲ್ಲೂ ಆತ ಜೀವಂತನಾಗಿದ್ದಾನೆ. ಕುತೂಹಲದ ಸಂಗತಿಯೆಂದರೆ 1300ರಲ್ಲಿ ನಡೆಯುವಂತೆ ಬರೆದ ಕಾವ್ಯದಲ್ಲಿ ಈ ಮುತ್ತಜ್ಜ ನೂರು ವರ್ಷಕ್ಕೂ ಮಿಕ್ಕಿ ಶುದ್ಧಿಲೋಕದಲ್ಲಿ ಸುತ್ತುತ್ತಿದ್ದಾನೆಂಬ ಮಾತು ಬರುತ್ತದೆ. ತನ್ನ ಮುತ್ತಜ್ಜ ಸತ್ತ ವರ್ಷ ಕವಿಗೆ ಸರಿಯಾಗಿ ತಿಳಿದಿರಲಿಲ್ಲ.

ಆ ಅಲಾಗಿಯೇರಿಯ ಮಗ ಬೆಲ್ಲಿಂಚೊನೆ, ಆತನ ಮಗ ಮತ್ತೆ ಅಲಾಗಿಯೇರೊ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಅಲ್ಲಿಯೂ ಇತ್ತು. ಈ ಎರಡನೆಯ ಅಲಾಗಿಯೇರೊನ ಮಗನಾಗಿ 1265ರಲ್ಲಿ ಹುಟ್ಟಿದವನೇ ಡಾಂಟೆ. ಆತನ ಪೂರ್ಣ ನಾಮಧೇಯ ಡುರಾಂಟೆ ಎಂಬುದು ಆತ ಸತ್ತು ಎರಡು ದಶಕ ಕಳೆದ ಮೇಲೆ, 1343ರ ದಾಖಲೆಯೊಂದರಿಂದ ಗೊತ್ತಾಗುತ್ತದೆ. ಲ್ಯಾಟಿನ್ ಪತ್ರಗಳಲ್ಲಿ ಆತ ‘ಡಾಂಟೆಸ್ ಅಲಾಗೇರಿಯಿ’. ಇಲ್ಲಿನ ಕೊನೆಯ ‘ಇ’ಕಾರ ಷಷ್ಠೀ ವಿಭಕ್ತಿ, ಅಲಾಗೇರಿಯ ಕುಲದ ಡಾಂಟೆ ಎಂದಷ್ಟೇ ಅರ್ಥ. ಇಟಲಿಯ ಅಡ್ಡಹೆಸರುಗಳಲ್ಲಿ ಬಹುಪಾಲು ‘ಇ’ಕಾರದಲ್ಲಿ ಕೊನೆಗೊಳ್ಳುವುದಕ್ಕೆ ಈ ವಿಭಕ್ತಿಯೂ, ಮನೆಮಂದಿಯನ್ನೆಲ್ಲ ಒಟ್ಟಾಗಿ ಕರೆಯುವ ಬಹುವಚನವೂ ಕಾರಣ. ಆತನ ಕಾಲದಲ್ಲಿ ಈ ಹೆಸರಿಗೆ ಒಂದು ನಿಶ್ಚಿತ ರೂಪವಿರಲಿಲ್ಲ. ಅಲಾಗೇರಿ, ಅಲ್ಲಿಗಿಯೇರಿ, ಅಲಿಗಿಯೇರಿ ಎಂದು ಬರೆಯುವವನ ಕೈಗೆ ಬಂದಂತೆ ಬರೆಯಲಾಗುತ್ತಿತ್ತು. ಕೊನೆಯ ರೂಪ ನಿಂತದ್ದು ಕವಿಯ ಕೀರ್ತಿ ಬೆಳೆದ ಮೇಲೆ.

ಗಡೀಪಾರಾದ ಹೆಸರು

ಈ ಹೆಸರು ಫ್ಲಾರೆನ್ಸ್‌ನಲ್ಲೇ ಉಳಿದಿದ್ದರೆ ಹತ್ತಾರು ಕವಲೊಡೆದು ಹರಡುತ್ತಿತ್ತೇನೋ. ಹಾಗಾಗಲು ಊರಿನ ರಾಜಕೀಯ ಬಿಡಲಿಲ್ಲ. 1302ರ ಜನವರಿ 27ರಂದು ನಗರದ ಮುಖ್ಯ ನ್ಯಾಯಾಧಿಕಾರಿ ಕಾಂತೆ ಡಿ ಗಾಬ್ರಿಯೆಲ್ಲಿ, ಆಡಳಿತದಲ್ಲಿ ಭ್ರಷ್ಟಾಚಾರ ನಡೆಸಿದ ಆರೋಪದ ಮೇಲೆ ಡಾಂಟೆಗೆ 5,000 ಫ್ಲೋರಿನ್ ದಂಡ ಮತ್ತು ಎರಡು ವರ್ಷಗಳ ಗಡೀಪಾರು ವಿಧಿಸಿದ. ಎದುರುಪಕ್ಷ ಅಧಿಕಾರ ಹಿಡಿದ ಕೂಡಲೇ ಬಂದ ತೀರ್ಪಿದು. ಕವಿ ಹಾಜರಾಗಲಿಲ್ಲ. ಮಾರ್ಚ್ 10ರಂದು ಶಿಕ್ಷೆ ಸಜೀವ ದಹನಕ್ಕೆ ಏರಿತು. 1315ರಲ್ಲಿ ತಪ್ಪೊಪ್ಪಿಕೊಂಡು ಮರಳುವ ಅವಕಾಶವನ್ನು ಆತ ತಿರಸ್ಕರಿಸಿದಾಗ ಮರಣದಂಡನೆ ಪುನಃ ಘೋಷಣೆಯಾಯಿತು. ಈ ಸಲ ಗಂಡುಮಕ್ಕಳೂ ಅದರಲ್ಲಿ ಸೇರಿದ್ದರು. ಅಡ್ಡಹೆಸರಿನ ದೃಷ್ಟಿಯಿಂದ ನಿರ್ಣಾಯಕವಾದದ್ದು ಈ ಎರಡನೆಯ ತೀರ್ಪು. ಅಪ್ಪನೊಬ್ಬನೇ ಅಲ್ಲ, ಹೆಸರನ್ನು ಮುಂದಕ್ಕೆ ಒಯ್ಯಬೇಕಾದವರೂ ಊರಿನಿಂದ ಹೊರಗಾದರು.

ಡಾಂಟೆ 1321ರ ಸೆಪ್ಟೆಂಬರಿನಲ್ಲಿ ರವೆನ್ನಾದಲ್ಲಿ ತೀರಿಕೊಂಡ. ಮಗಳು ಅಂತೋನಿಯಾ ಅದೇ ಊರಿನ ಕಾನ್ವೆಂಟಿನಲ್ಲಿ ಬಿಯಾಟ್ರಿಸ್ ಎಂಬ ಹೆಸರಿನ ಸನ್ಯಾಸಿನಿಯಾಗಿದ್ದಳು. 1350ರಲ್ಲಿ ಫ್ಲಾರೆನ್ಸ್‌ನ ಧಾರ್ಮಿಕ ಸಂಘವೊಂದು ಅವಳಿಗೆ ತಲುಪಿಸುವಂತೆ ಹತ್ತು ಚಿನ್ನದ ಫ್ಲೋರಿನ್‌ಗಳನ್ನು ಬೊಕಾಚಿಯೊನ ಕೈಯಲ್ಲಿ ಕೊಟ್ಟಿತು. ನಗರ ತನ್ನ ಕವಿಯ ಕುಟುಂಬಕ್ಕೆ ಸಲ್ಲಿಸಿದ ತಡವಾದ ಕಾಣಿಕೆ. ಒಬ್ಬ ಮಗ ಯಾಕೊಪೊ ಮುಂದೆ ಫ್ಲಾರೆನ್ಸ್‌ಗೆ ಮರಳಿದನಾದರೂ ಅಲ್ಲಿ ಆ ಕವಲು ನಿಲ್ಲಲಿಲ್ಲ. ನಿಂತದ್ದು ಇನ್ನೊಬ್ಬ ಮಗ ಪಿಯೆತ್ರೊನದು. ಆತ ವೆರೋನಾದಲ್ಲಿ ನ್ಯಾಯಾಧೀಶನಾದ, ತಂದೆಯ ಕಾವ್ಯಕ್ಕೆ ವ್ಯಾಖ್ಯಾನ ಬರೆದ, 1353ರಲ್ಲಿ ವೆರೋನಾದ ಹೊರವಲಯದ ವಾಲ್ಪೊಲಿಚೆಲ್ಲಾ ಪ್ರದೇಶದಲ್ಲಿ ಗರ್ಗಾನ್ಯಾಗೊ ಎಂಬಲ್ಲಿ ಜಮೀನು ಕೊಂಡ. ಆ ಜಮೀನು ಇಂದಿಗೂ ಆತನ ವಂಶದವರ ಕೈಯಲ್ಲಿದೆ. ದ್ರಾಕ್ಷಿ ಬೆಳೆದು ವೈನ್ ತಯಾರಿಸುವ ಆ ತೋಟದ ಬಾಟಲಿಗಳ ಮೇಲೆ ಸೆರೆಗೊ ಅಲಿಗಿಯೇರಿ ಎಂಬ ಹೆಸರಿರುತ್ತದೆ.

ಹದಿನೈದನೆಯ ಶತಮಾನದ ಹೊತ್ತಿಗೆ ಸಂಬಂಧ ಎಷ್ಟು ಕಡಿದುಹೋಗಿತ್ತೆಂಬುದಕ್ಕೆ ವಿದ್ವಾಂಸ ಲಿಯೊನಾರ್ಡೊ ಬ್ರೂನಿ ಸಾಕ್ಷಿ. ಕವಿಯ ಮರಿಮಗ ಲಿಯೊನಾರ್ಡೊ ಅಲಿಗಿಯೇರಿ ವೆರೋನಾದಿಂದ ಫ್ಲಾರೆನ್ಸ್‌ಗೆ ಬಂದಾಗ, ಆತನ ಪೂರ್ವಜರ ಮನೆಗಳು ಎಲ್ಲಿದ್ದವೆಂಬುದನ್ನು ತಾನೇ ತೋರಿಸಬೇಕಾಯಿತೆಂದು ಬ್ರೂನಿ 1436ರಲ್ಲಿ ಬರೆದ ಡಾಂಟೆಯ ಜೀವನಚರಿತ್ರೆಯ ಕೊನೆಯಲ್ಲಿ ದಾಖಲಿಸಿದ್ದಾನೆ. ತನ್ನ ಮನೆತನದ ಬೀದಿಯನ್ನು ಪರರಿಂದ ಕೇಳಿ ತಿಳಿಯಬೇಕಾದ ಅಪರಿಚಿತನಾಗಿದ್ದ ಆತ.

ಜಿನೆವ್ರಾಳ ಮದುವೆ

ವೆರೋನಾದಲ್ಲಿ ಮನೆತನ ಸ್ಥಿತಿವಂತವಾಗಿತ್ತು, ಸಂಖ್ಯೆಯಲ್ಲಿ ಬೆಳೆಯಲಿಲ್ಲ. ಹದಿನಾರನೆಯ ಶತಮಾನದಲ್ಲಿ ಉಳಿದವರು ಪಿಯೆತ್ರೊ, ಲುದೊವಿಕೊ, ಫ್ರಾಂಚೆಸ್ಕೊ ಎಂಬ ಮೂವರು ಸೋದರರು. ಡಾಂಟೆಯಿಂದ ಎಣಿಸಿದರೆ ಆರು ತಲೆಮಾರು ಕೆಳಗಿನವರು. ಮುಂದಿನ ತಲೆಮಾರಿಗೆ ಹೆಸರನ್ನು ದಾಟಿಸುವ ಗಂಡುಮಗು ಅವರಲ್ಲಿ ಯಾರಿಗೂ ಉಳಿಯಲಿಲ್ಲ. ಫ್ರಾಂಚೆಸ್ಕೊ ಚರ್ಚಿನ ಸೇವೆಗೆ ಸೇರಿದವನು, ವಿದ್ವಾಂಸ, ಪ್ರಾಚೀನ ವಸ್ತುಗಳ ಸಂಗ್ರಾಹಕ. ಪಿಯೆತ್ರೊ ಮತ್ತು ಲುದೊವಿಕೊ ಇವರ ಸಮಾಧಿಗಳನ್ನು ವೆರೋನಾದ ಸಾನ್ ಫೆರ್ಮೊ ಚರ್ಚಿನಲ್ಲಿ ಈಗಲೂ ನೋಡಬಹುದು.

ಪಿಯೆತ್ರೊನಿಗೆ ಒಬ್ಬ ಮಗಳಿದ್ದಳು, ಜಿನೆವ್ರಾ. 1549ರಲ್ಲಿ ಅವಳ ವಿವಾಹ ಅದೇ ನಗರದ ಕುಲೀನ ಮನೆತನದ ಮಾರ್ಕಾಂತೋನಿಯೊ ಸೆರೆಗೊನೊಡನೆ ನಡೆಯಿತು. ಲೋಕರೂಢಿಯಂತೆ ಅವಳ ಮಕ್ಕಳು ಸೆರೆಗೊಗಳಾಗಬೇಕು. ಅಲಿಗಿಯೇರಿ ಅಲ್ಲಿಗೆ ಮುಗಿಯಬೇಕು. ಚಿಕ್ಕಪ್ಪ ಫ್ರಾಂಚೆಸ್ಕೊ ಅದನ್ನು ತಡೆದದ್ದು ಉಯಿಲಿನ ಮೂಲಕ. ಆಸ್ತಿ ಜಿನೆವ್ರಾಳ ಮಗನಿಗೆ ಸೇರುತ್ತದೆ, ಆದರೆ ಆತ ತನ್ನ ಹೆಸರಿನೊಡನೆ ಅಲಿಗಿಯೇರಿಯನ್ನೂ ಧರಿಸಬೇಕು ಎಂಬುದು ಷರತ್ತು. ತವರಿನ ಹೆಸರನ್ನು ಮಗನಿಗಿಟ್ಟ ಪೊ ಕಣಿವೆಯ ಸೊಸೆ ಯಾವ ಷರತ್ತನ್ನೂ ವಿಧಿಸಬೇಕಾಗಿರಲಿಲ್ಲ. ಆಗ ಅಡ್ಡಹೆಸರು ಇನ್ನೂ ಮೇಣದಂತೆ ಮೆತುವಾಗಿತ್ತು. ನಾಲ್ಕು ನೂರು ವರ್ಷಗಳ ಬಳಿಕ ಅದು ಗಟ್ಟಿಯಾಗಿತ್ತು, ಬಗ್ಗಿಸಲು ಜಮೀನಿನ ತೂಕ ಬೇಕಾಯಿತು. ಚರ್ಚಿನ ಟ್ರೆಂಟ್ ಮಹಾಸಭೆ ಪ್ರತಿ ಪ್ಯಾರಿಷ್ ವಿವಾಹಗಳ ಪುಸ್ತಕ ಇಡಬೇಕೆಂದು ವಿಧಿಸಿ, ಹಳ್ಳಿಗಾಡಿನ ರೈತನ ಅಡ್ಡಹೆಸರನ್ನೂ ಶಾಶ್ವತಗೊಳಿಸುವ ದಾರಿ ತೆರೆದದ್ದು 1563ರಲ್ಲಿ. ಎಲ್ಲರ ಹೆಸರುಗಳೂ ಪುಸ್ತಕದಲ್ಲಿ ನೆಲೆಗೊಳ್ಳುತ್ತಿದ್ದ ಅದೇ ಕಾಲದಲ್ಲಿ ಅಲಿಗಿಯೇರಿ ತನ್ನ ಕೊನೆಯ ಗಂಡುಸಂತಾನವನ್ನು ಕಳೆದುಕೊಂಡಿತು.

ಹೆಸರುಗಳೇಕೆ ಅಳಿಯುತ್ತವೆ

ಪ್ರತಿಷ್ಠಿತ ಕುಲಗಳು ಹೀಗೆ ನಶಿಸುವುದನ್ನು ಕಂಡು ಹಿಂದಿನವರು ಭೋಗಜೀವನದಿಂದ ಸಂತಾನಶಕ್ತಿ ಕುಂದುತ್ತದೆ ಎಂದು ಊಹಿಸಿದ್ದುಂಟು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಇದನ್ನೊಂದು ಗಣಿತದ ಸಮಸ್ಯೆಯಾಗಿ ಮುಂದಿಟ್ಟ. ಪಾದ್ರಿ ಹೆನ್ರಿ ವಾಟ್ಸನ್ ಮರುವರ್ಷ ಆತನೊಡಗೂಡಿ ಉತ್ತರ ಪ್ರಕಟಿಸಿದ. ಫ್ರಾನ್ಸಿನ ಬಿಯೆನೆಮೆ 1845ರಲ್ಲೇ ಸರಿಯುತ್ತರವನ್ನು ಹೇಳಿದ್ದನೆಂಬುದು ಬಹಳ ಕಾಲದ ನಂತರ ಬೆಳಕಿಗೆ ಬಂತು. ದೈಹಿಕ ದೌರ್ಬಲ್ಯವೇ ಬೇಕಾಗಿಲ್ಲ, ಬರಿಯ ಆಕಸ್ಮಿಕವೇ ಹೆಸರನ್ನು ಅಳಿಸಬಲ್ಲದೆಂಬುದು ಈ ಲೆಕ್ಕದ ಸಾರ.

ಒಂದು ಉದಾಹರಣೆ ಕಟ್ಟಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ನಾಲ್ವರಲ್ಲಿ ಒಬ್ಬನಿಗೆ ಗಂಡುಮಕ್ಕಳಿಲ್ಲ, ಇಬ್ಬರಿಗೆ ಒಬ್ಬೊಬ್ಬ ಮಗ, ಇನ್ನೊಬ್ಬನಿಗೆ ಇಬ್ಬರು ಎಂದಿಟ್ಟುಕೊಳ್ಳಿ. ಸರಾಸರಿ ತಲೆಗೊಬ್ಬ ಮಗ. ಒಟ್ಟು ಜನಸಂಖ್ಯೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆದರೂ ಒಬ್ಬನೇ ವ್ಯಕ್ತಿಯಿಂದ ಆರಂಭವಾದ ಅಡ್ಡಹೆಸರು ಒಂದು ತಲೆಮಾರಿನಲ್ಲಿ ಅಳಿಯುವ ಸಂಭವ ಶೇ. 25. ಎರಡನೆಯದಕ್ಕೆ ಅದು ಶೇ. 39, ನಾಲ್ಕನೆಯದಕ್ಕೆ ಶೇ. 55, ಆರನೆಯದಕ್ಕೆ ಶೇ. 64. ಡಾಂಟೆಯಿಂದ ಆ ಮೂವರು ಸೋದರರವರೆಗಿನ ದೂರ ಸರಿಯಾಗಿ ಆರು ತಲೆಮಾರು. ಕಾಯಿಲೆ, ಯುದ್ಧ, ಸನ್ಯಾಸ ಇವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಅಲಿಗಿಯೇರಿ ಅಷ್ಟು ಕಾಲ ಬಾಳಿದ್ದೇ ದೊಡ್ಡದು.

ಇಟಲಿಯ ತಳಿವಿಜ್ಞಾನಿ ಲೂಯಿಜಿ ಲೂಕಾ ಕವಾಲಿ ಸ್ಫೋರ್ಜಾ ಮತ್ತು ಸಂಗಡಿಗರು ಅಡ್ಡಹೆಸರುಗಳನ್ನೂ ಪ್ಯಾರಿಷ್ ಪುಸ್ತಕಗಳನ್ನೂ ಅಧ್ಯಯನಕ್ಕೆ ಬಳಸಿಕೊಂಡದ್ದು ಇದೇ ಕಾರಣಕ್ಕೆ. ತಂದೆಯಿಂದ ಮಗನಿಗೆ ಇಳಿಯುವ ಅಡ್ಡಹೆಸರು ಗಂಡಸರಲ್ಲಿ ಮಾತ್ರ ಇರುವ ವೈ ವರ್ಣತಂತುವಿನ ಹಾದಿಯಲ್ಲೇ ನಡೆಯುತ್ತದೆ. ಜಿನೆವ್ರಾಳ ಮಗನಲ್ಲಿ ಈ ಎರಡು ಹಾದಿಗಳು ಕವಲೊಡೆದವು: ವರ್ಣತಂತು ಸೆರೆಗೊನದು, ಹೆಸರು ಅಲಿಗಿಯೇರಿಯದೂ ಹೌದು. ಇದರಿಂದ ಆತ ಡಾಂಟೆಯ ವಂಶಸ್ಥನಲ್ಲ ಎನ್ನುವವರು, ತಾಯಿಯ ಮೂಲಕ ಬರುವ ರಕ್ತವನ್ನು ರಕ್ತವೆಂದೇ ಒಪ್ಪದವರು.

ಆ ಮಗನ ಸಂತತಿ ಹೆಸರನ್ನು ಬಿಡಲಿಲ್ಲ. ಖಗೋಳ ವಿಜ್ಞಾನಿ ಸ್ಪೆರೆಲ್ಲೊ ಡಿ ಸೆರೆಗೊ ಅಲಿಗಿಯೇರಿ ವೃತ್ತಿ ನಡೆಸಿದ್ದು ಪೂರ್ವಜನನ್ನು ಹೊರಗಟ್ಟಿದ ಫ್ಲಾರೆನ್ಸ್‌ನದೇ ಆರ್ಚೆತ್ರಿ ವೀಕ್ಷಣಾಲಯದಲ್ಲಿ. ನಗರಸಭೆ 2008ರಲ್ಲಿ ಡಾಂಟೆಯ ಶಿಕ್ಷೆಯನ್ನು ರದ್ದುಪಡಿಸುವ ನಿರ್ಣಯವನ್ನು 19ಕ್ಕೆ 5 ಮತಗಳಿಂದ ಅಂಗೀಕರಿಸಿತ್ತು. ಏಳುನೂರು ವರ್ಷಗಳ ನಂತರವೂ ಐವರು ಒಪ್ಪಲಿಲ್ಲವೆಂಬುದು ಆ ಊರಿನ ಸ್ವಭಾವವನ್ನು ಬಲ್ಲವರಿಗೆ ಅಚ್ಚರಿಯಲ್ಲ. ಕವಿಯ ಏಳುನೂರನೆಯ ಪುಣ್ಯವರ್ಷವಾದ 2021ರ ಮೇ ತಿಂಗಳಲ್ಲಿ ಸ್ಪೆರೆಲ್ಲೊ ಅವರು ವಕೀಲರೊಬ್ಬರ ಜೊತೆಗೂಡಿ, ಆ ತೀರ್ಪುಗಳು ಕಾನೂನಿನ ಕಣ್ಣಿನಲ್ಲಿ ನಿಲ್ಲುತ್ತವೆಯೇ ಎಂಬುದನ್ನು ಪರಿಶೀಲಿಸುವ ವಿದ್ವತ್ಸಭೆಗೆ ಕಾರಣರಾದರು.

ನ್ಯಾಯಾಲಯಕ್ಕೆ ಹೋದ ತಾಯಂದಿರು

ಜಿನೆವ್ರಾಳಿಗೆ ಒದಗಿದ ಉಯಿಲಿನ ಅನುಕೂಲ ಇಟಲಿಯ ಸಾಮಾನ್ಯ ಹೆಣ್ಣುಮಗಳಿಗೆ ಎಂದೂ ಇರಲಿಲ್ಲ. 1866ರಲ್ಲಿ ಜನನ ನೋಂದಣಿ ಸರ್ಕಾರದ ಕೈಗೆ ಬಂದ ಮೇಲಂತೂ ತಂದೆಯ ಹೆಸರು ತಾನಾಗಿಯೇ ಮಗುವಿಗೆ ಅಂಟುತ್ತಿತ್ತು. ತಮಾಷೆಯೆಂದರೆ ಹೀಗೊಂದು ಪ್ರತ್ಯೇಕ ಕಲಮು ಕಾನೂನಿನಲ್ಲಿ ಸ್ಪಷ್ಟವಾಗಿ ಬರೆದಿರಲಿಲ್ಲ. ಬೇರೆ ಕಲಮುಗಳಿಂದ ಊಹಿಸಿಕೊಂಡ ನಿಯಮವಾಗಿಯೇ ಅದು ನಡೆದುಬಂದಿತ್ತು. 1975ರ ಕೌಟುಂಬಿಕ ಕಾನೂನಿನ ಸುಧಾರಣೆ ವಿವಾಹಿತೆಗೆ ತನ್ನ ಹುಟ್ಟುಹೆಸರನ್ನು ಉಳಿಸಿಕೊಳ್ಳುವ ಹಕ್ಕು ಕೊಟ್ಟಿತು, ಮಕ್ಕಳಿಗೆ ದಾಟಿಸುವ ಹಕ್ಕನ್ನಲ್ಲ.

ಮಿಲಾನಿನ ದಂಪತಿಗಳು 1999ರಲ್ಲಿ ಹುಟ್ಟಿದ ತಮ್ಮ ಮಗಳಿಗೆ ತಾಯಿಯ ಅಡ್ಡಹೆಸರು ಕೊಡಲು ಬಯಸಿದರು. ತಂದೆಗೂ ಒಪ್ಪಿಗೆಯಿತ್ತು, ನೋಂದಣಿ ಕಚೇರಿ ಒಪ್ಪಲಿಲ್ಲ. ದೇಶದ ನ್ಯಾಯಾಲಯಗಳನ್ನೆಲ್ಲ ಹತ್ತಿಳಿದ ಪ್ರಕರಣ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಮುಟ್ಟಿತು. 2014ರ ಜನವರಿ 7ರಂದು ಬಂದ ತೀರ್ಪು ಇಟಲಿಯ ವಿರುದ್ಧವಾಗಿತ್ತು: ಲಿಂಗದ ಆಧಾರದ ಮೇಲಿನ ಈ ಭೇದಕ್ಕೆ ಸಮರ್ಥನೆಯಿಲ್ಲ. 2016ರಲ್ಲಿ ಇಟಲಿಯ ಸಂವಿಧಾನ ನ್ಯಾಯಾಲಯ, ಇಬ್ಬರೂ ಒಪ್ಪಿದರೆ ತಂದೆಯ ಹೆಸರಿನ ಜೊತೆಗೆ ತಾಯಿಯದನ್ನೂ ಸೇರಿಸಬಹುದೆಂದಿತು. ಆಗಲೂ ತಂದೆಯ ಹೆಸರು ತಾನೇ ಬರುತ್ತಿತ್ತು, ತಾಯಿಯದು ಕೇಳಿದರೆ ಬರುತ್ತಿತ್ತು.

ಅದು ಬದಲಾದದ್ದು 2022ರಲ್ಲಿ. ಏಪ್ರಿಲ್ 27ರಂದು ಅದೇ ನ್ಯಾಯಾಲಯ ತಂದೆಯ ಅಡ್ಡಹೆಸರು ತಾನಾಗಿಯೇ ಅಂಟುವ ಪದ್ಧತಿ ಸಂವಿಧಾನಬಾಹಿರವೆಂದು ನಿರ್ಣಯಿಸಿತು. ಪೂರ್ಣ ತೀರ್ಪು ಮೇ ಕೊನೆಯ ದಿನ ಪ್ರಕಟವಾಯಿತು. ಈಗಿನ ನಿಯಮದಂತೆ ಮಗುವಿಗೆ ತಂದೆತಾಯಿ ಇಬ್ಬರ ಅಡ್ಡಹೆಸರೂ ಸಲ್ಲುತ್ತದೆ. ಯಾವುದು ಮೊದಲೆಂಬುದನ್ನು ಅವರೇ ತೀರ್ಮಾನಿಸುತ್ತಾರೆ. ಇಬ್ಬರೂ ಒಪ್ಪಿದರೆ ಒಂದನ್ನೇ, ತಾಯಿಯದೊಂದನ್ನೇ ಬೇಕಾದರೂ, ಇಡಬಹುದು. ಕ್ರಮದ ಬಗ್ಗೆ ಜಗಳವಾದರೆ ನ್ಯಾಯಾಧೀಶರ ಮೊರೆಹೋಗಬೇಕು.

ಈ ನಿಯಮದಿಂದ ಅಳಿವಿನಂಚಿನ ಹೆಸರುಗಳೆಲ್ಲ ಬದುಕಿಕೊಳ್ಳುತ್ತವೆಂದು ಹೇಳಲಾಗದು. ಎರಡು ಅಡ್ಡಹೆಸರುಳ್ಳ ಹುಡುಗ ಎರಡು ಅಡ್ಡಹೆಸರುಳ್ಳ ಹುಡುಗಿಯನ್ನು ಮದುವೆಯಾದರೆ ಮಗುವಿಗೆ ನಾಲ್ಕು, ಮೊಮ್ಮಗುವಿಗೆ ಎಂಟು ಹೆಸರುಗಳಾಗುವ ಅಪಾಯವನ್ನು ನ್ಯಾಯಾಲಯವೇ ಗಮನಿಸಿತ್ತು. ಅದನ್ನು ತಡೆಯುವ ಶಾಸನ ರೂಪಿಸುವಂತೆ ಸಂಸತ್ತಿಗೆ ಸೂಚಿಸಿತ್ತು. ಪ್ರತಿ ತಲೆಮಾರೂ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಕೈಬಿಡಲೇಬೇಕು. ಯಾವುದನ್ನು ಕೈಬಿಡುವುದು ಎಂಬ ಪ್ರಶ್ನೆ ಈಗ ಹೆರಿಗೆಯಾದ ಕೆಲವೇ ದಿನಗಳಲ್ಲಿ, ನೋಂದಣಿ ಕಚೇರಿಯ ಮೇಜಿನ ಮುಂದೆ, ತಂದೆತಾಯಿ ಇಬ್ಬರಿಗೂ ಎದುರಾಗುತ್ತದೆ.